ಉಡುಗೊರೆಗೆ ನ್ಯಾಚುರಲ್ ಕಾಫಿ: ಯಾರಿಗೆ ಕೊಡಬೇಕು, ಯಾರಿಗೆ ಬೇಡ

ಪ್ರಶ್ನೆ: ನಮ್ಮ ಭಾವ ಬೆಂಗಳೂರಿನಲ್ಲಿದ್ದಾರೆ. ಕಾಫಿ ಅಂದ್ರೆ ಪ್ರಾಣ. ಬೀಜ ತಂದು ಮನೆಯಲ್ಲೇ ಪುಡಿ ಮಾಡಿಕೊಂಡು, ತಕ್ಕಡಿಯಲ್ಲಿ ತೂಗಿ, ಹಾಲು ಹಾಕದೆ ಕುಡಿಯುತ್ತಾರೆ. ಸುಗ್ಗಿ ಹಬ್ಬ ಹುತ್ತರಿಗೆ ಬಂದಾಗ ಒಳ್ಳೆ ಕಾಫಿ ಕೊಡೋಣ ಅಂತ ಅಂಗಡಿಯಲ್ಲಿ ಕೇಳಿದರೆ ‘ನ್ಯಾಚುರಲ್’ ಅಂತ ಬರೆದ ಪ್ಯಾಕೆಟ್ ತೋರಿಸಿದರು. ಅದರ ಮೇಲೆ ಹಲಸಿನ ಹಣ್ಣು, ಸ್ಟ್ರಾಬೆರಿ, ದ್ರಾಕ್ಷಿ ಅಂತೆಲ್ಲ ಇದೆ. ಬೆಲೆಯೂ ಜಾಸ್ತಿ. ಎಸೆನ್ಸ್ ಹಾಕಿರುತ್ತಾರಾ? ಕೊಡಬಹುದಾ?
– ಓದುಗರು, ಮಡಿಕೇರಿ

ಉತ್ತರ: ಧಾರಾಳವಾಗಿ ಕೊಡಿ. ನಿಮ್ಮ ಭಾವನವರಂಥವರಿಗೇ ಇರುವ ಕಾಫಿ ಇದು.

ಎಸೆನ್ಸ್ ವಿಷಯ. ಮಾಮೂಲಿಯಾಗಿ ಒಳ್ಳೆ ಅರೇಬಿಕಾ ಜಾತಿಯ ಕಾಫಿಯನ್ನು ಕೊಯ್ದ ದಿನವೇ ಪಲ್ಪರ್ ಅನ್ನೋ ಯಂತ್ರಕ್ಕೆ ಹಾಕಿ, ಸಿಪ್ಪೆ ತೆಗೆದು, ಲೋಳೆ ತೊಳೆದು, ಪಾರ್ಚ್‌ಮೆಂಟ್ (ತೆಳು ಹೊಟ್ಟಿನೊಳಗಿನ ಬೀಜ) ಮಾಡಿ ಒಣಗಿಸುತ್ತಾರೆ. ಇದಕ್ಕೆ ‘ವಾಶ್ಡ್’ ಅಂತಾರೆ. ನ್ಯಾಚುರಲ್‌ನಲ್ಲಿ ಪಲ್ಪರ್ ಮುಟ್ಟುವುದೇ ಇಲ್ಲ. ಹಣ್ಣನ್ನು ಇಡಿಯಾಗಿ, ಸಿಪ್ಪೆ ಸಮೇತ ಒಣಗಿಸುತ್ತಾರೆ. ಮೊದಲ ಕೆಲವು ದಿನ ಹಣ್ಣಿನೊಳಗಿನ ಸಕ್ಕರೆಯನ್ನು ಯೀಸ್ಟ್, ಬ್ಯಾಕ್ಟೀರಿಯಾ ತಿನ್ನುತ್ತಾ ಇರುತ್ತವೆ, ಆಗ ಹುಟ್ಟುವ ಪರಿಮಳದಲ್ಲಿ ಒಂದಿಷ್ಟು ಬೀಜದಲ್ಲೇ ಉಳಿದುಬಿಡುತ್ತೆ, ಹದವಾಗಿ ಹುರಿದರೆ ಅದೇ ನಿಮಗೆ ಲೋಟದಲ್ಲಿ ಸಿಗೋದು. ಹಲಸು, ಸ್ಟ್ರಾಬೆರಿ ಅಂತ ಬರೆಯುವುದು ಆ ವಾಸನೆ ಯಾವುದರ ಹತ್ತಿರ ಇದೆ ಅಂತ ಹೇಳಲು ಅಷ್ಟೆ. ತೋಟದಲ್ಲಿ ಹಲಸಿನ ಮರ ಇದೆ, ಕಿತ್ತಳೆ ಗಿಡ ಇದೆ, ಅದಕ್ಕೇ ಆ ರುಚಿ ಅಂತ ಅಂಗಡಿಯವರು ಹೇಳಿದರೆ ನಕ್ಕು ಸುಮ್ನಾಗಿ. ಆದರೆ ಈಗ ನಿಜವಾಗಿಯೂ ಹಣ್ಣೋ ಹಣ್ಣಿನ ರಸವೋ ಸೇರಿಸಿ ಹುಳಿಸಿದ ಕಾಫಿಗಳೂ ಬರುತ್ತಿವೆ. ಪ್ಯಾಕೆಟ್ ಮೇಲೆ ‘ಇನ್‌ಫ್ಯೂಸ್ಡ್’ ಅಥವಾ ‘ಕೋ-ಫರ್ಮೆಂಟೆಡ್’ ಅಂತಿದ್ದರೆ ಅದು ಬೇರೆ ಸರಕು. ಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ನಾನಾದರೆ ತಗೊಳ್ಳಲ್ಲ.

ಬೆಲೆ ಜಾಸ್ತಿ ಇರೋದಕ್ಕೆ ಕಾರಣ ಕಣದಲ್ಲಿದೆ. ಹಣ್ಣಾದದ್ದನ್ನೇ ಆರಿಸಿ ಕೊಯ್ಯಬೇಕು, ಅಂದರೆ ಒಂದೇ ಗಿಡಕ್ಕೆ ಮತ್ತೆ ಮತ್ತೆ ಆಳು ಹೋಗಬೇಕು. ನೆಲದಿಂದ ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಎಷ್ಟೋ ಸಲ ಕೈಯಾಡಿಸಿ, ಸಂಜೆಯಾದರೆ ಮಂಜು ಬೀಳದ ಹಾಗೆ ಮುಚ್ಚಬೇಕು. ಎರಡು ದಿನ ಅಲಕ್ಷ್ಯ ಮಾಡಿದರೆ ಬೂಷ್ಟು. ಹೀಗೆ ಮೂರು ನಾಲ್ಕು ವಾರ. ಒಣಗಿದೆಯಾ ಅಂತ ನೋಡಲು ಮೀಟರ್ ಇದೆ, ಆದರೂ ಹಳಬರು ಒಂದು ಮುಷ್ಟಿ ಹಣ್ಣು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಸಿಪ್ಪೆಯೊಳಗೆ ಬೀಜ ಗಲಗಲ ಅಂದರೆ ಸರಿ.

ಹುತ್ತರಿಗೆ ಕೊಡುವುದಾದರೆ ಒಂದು ಮಾತು. ಆಗಿನ್ನೂ ಅರೇಬಿಕಾ ಕೊಯ್ಲು ಶುರುವಾಗಿರುತ್ತೆ ಅಷ್ಟೆ. ಹೊಸ ಫಸಲು ಒಣಗಿ, ಸ್ವಲ್ಪ ಕಾಲ ಸಿಪ್ಪೆಯಲ್ಲೇ ಕೂತು, ಹಲ್ಲಿಂಗ್ ಆಗಿ, ಅಂದರೆ ಒಣಸಿಪ್ಪೆ ಬಿಡಿಸಿ, ಅಂಗಡಿಗೆ ಬರುವಷ್ಟರಲ್ಲಿ ಬೇಸಿಗೆ. ಆದ್ದರಿಂದ ಹುತ್ತರಿಯಲ್ಲಿ ‘ಈ ವರ್ಷದ ಹೊಸ ಬೆಳೆ’ ಅಂತ ಯಾರಾದರೂ ಮಾರಿದರೆ ನಂಬಬೇಡಿ. ಹೋದ ವರ್ಷದ ಬೀಜವಾದರೂ ಚೆನ್ನಾಗಿ ಇಟ್ಟಿದ್ದರೆ ತೊಂದರೆಯಿಲ್ಲ, ನೀವು ನೋಡಬೇಕಾದದ್ದು ಹುರಿದ ದಿನಾಂಕ. ಹುರಿದು ಒಂದೆರಡು ವಾರ ಆಗಿದ್ದರೆ ಒಳ್ಳೆಯದು, ಎರಡು ತಿಂಗಳು ದಾಟಿದ್ದರೆ ಬಿಡಿ. ದಿನಾಂಕವೇ ಇಲ್ಲದ ಪ್ಯಾಕೆಟ್ ಎಷ್ಟೇ ಚಂದ ಇದ್ದರೂ ಬಿಡಿ. ಲೈಟ್ ಅಥವಾ ಮೀಡಿಯಂ ರೋಸ್ಟ್ ಕೇಳಿ, ಕಪ್ಪಗೆ ಹುರಿದರೆ ಹಣ್ಣಿನ ವಾಸನೆ ಹೋಗಿ ಸುಟ್ಟ ವಾಸನೆ ಉಳಿಯುತ್ತೆ. ಪುಡಿ ಬೇಡ, ಬೀಜವನ್ನೇ ಕೊಡಿ. 250 ಗ್ರಾಂ ಸಾಕು. ಪ್ರೀತಿ ಜಾಸ್ತಿ ಅಂತ ಒಂದು ಕೆಜಿ ಕೊಟ್ಟರೆ ಮುಕ್ಕಾಲು ಪಾಲು ಹಳತಾಗಿ ಹೋಗುತ್ತೆ. ಇನ್ನೂ ಖರ್ಚು ಮಾಡುವ ಮನಸ್ಸಿದ್ದರೆ ಒಂದೇ ತೋಟದ ವಾಶ್ಡ್ 250 ಗ್ರಾಂ, ನ್ಯಾಚುರಲ್ 250 ಗ್ರಾಂ ಜೊತೆಗೆ ಕೊಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿ ಕುಡಿದು ನೋಡೋದು ಕಾಫಿ ಹುಚ್ಚಿನವರಿಗೆ ಹಬ್ಬ.

‘ಕೂರ್ಗ್ ಅರೇಬಿಕಾ’ ಅನ್ನೋ ಜಿಐ (ಭೌಗೋಳಿಕ ಸೂಚಕ) ಗುರುತು 2019ರಲ್ಲಿ ಸಿಕ್ಕಿದೆ. ಅದು ಊರು ಯಾವುದು ಅಂತ ಹೇಳುತ್ತೆ, ಹೇಗೆ ಒಣಗಿಸಿದರು ಅಂತ ಹೇಳಲ್ಲ.

ಪ್ರಶ್ನೆ: ನಾವೂ ವರ್ಷಾ ವರ್ಷ ರೊಬಸ್ಟಾ ಜಾತಿಯ ಕಾಫಿ ಹಣ್ಣನ್ನು ಕಣದಲ್ಲಿ ಹಾಗೇ ಒಣಗಿಸಿ ಚೆರಿ ಮಾಡುತ್ತೇವೆ. ಅದೂ ನ್ಯಾಚುರಲ್ ತಾನೇ? ಹೆಸರು ಇಂಗ್ಲಿಷಲ್ಲಿ ಹೇಳಿದ ತಕ್ಷಣ ಬೆಲೆ ಏರುತ್ತಾ? ನಮ್ಮದನ್ನೇ ಹುರಿದು ನೆಂಟರಿಗೆ ಕೊಡಬಹುದಾ?
– ಬೆಳೆಗಾರರು, ಗೋಣಿಕೊಪ್ಪ ಹತ್ತಿರ

ಉತ್ತರ: ನಿಮ್ಮ ಕುಟುಕು ಸರಿಯಾಗಿಯೇ ಇದೆ. ವಿಧಾನ ಒಂದೇ. ಆದರೆ ನಮ್ಮ ಕಣದ ಚೆರಿಯಲ್ಲಿ ಹಣ್ಣು, ಅರೆಹಣ್ಣು, ಕಾಯಿ, ಗಿಡದಲ್ಲೇ ಒಣಗಿದ್ದು ಎಲ್ಲ ಒಟ್ಟಿಗೆ ಇರುತ್ತೆ, ಅಲ್ವಾ? ಆಳು ಸಿಗದ ಕಾಲದಲ್ಲಿ ಒಂದೇ ಸಲ ಬಾಚಿ ಕೊಯ್ಯುವುದು ಬಿಟ್ಟು ಬೇರೆ ದಾರಿಯೂ ಇಲ್ಲ, ಚೀಲಕ್ಕೆ ರೇಟು ನೋಡಿ ಮಾರುವವರಿಗೆ ಅದೇ ಲೆಕ್ಕ. ಕಾಯಿ ಸೇರಿದರೆ ಒಗರು ಬರುತ್ತೆ, ದಪ್ಪ ರಾಶಿ ಹಾಕಿದರೆ ಮುಗ್ಗಲು ವಾಸನೆ ಬರುತ್ತೆ.

ನೆಂಟರಿಗೆ ಕೊಡುವಷ್ಟು ಬೇಕಿದ್ದರೆ ಮನೆ ಹತ್ತಿರದ ಗಿಡಗಳಲ್ಲಿ ಚೆನ್ನಾಗಿ ಕೆಂಪಾದ ಹಣ್ಣು ಮಾತ್ರ ಬಿಡಿಸಿ. ಹತ್ತು ಹನ್ನೆರಡು ಕೆಜಿ ಹಣ್ಣಿಗೆ ಎರಡು ಕೆಜಿ ಹತ್ತಿರ ಹಸಿ ಬೀಜ ಸಿಗುತ್ತೆ. ನೀರಿಗೆ ಹಾಕಿ ತೇಲಿದ್ದನ್ನು ತೆಗೆದುಬಿಡಿ, ಉಳಿದದ್ದನ್ನು ಒಂದೇ ಪದರಕ್ಕೆ ಹರಡಿ. ರೊಬಸ್ಟಾದಲ್ಲಿ ಹೂವಿನಂಥ ನವಿರು ನಿರೀಕ್ಷೆ ಮಾಡಬೇಡಿ, ಒಣದ್ರಾಕ್ಷಿ, ಬೆಲ್ಲದ ಕಡೆಗೆ ಹೋಗುತ್ತೆ. ನನಗಂತೂ ಇಷ್ಟ. ಒಣಗಿದ ಮೇಲೆ ಒರಳಿನಲ್ಲಿ ಕುಟ್ಟಿ ಮೊರದಲ್ಲಿ ಕೇರಿದರೆ ಮನೆ ಮಟ್ಟಿಗೆ ಆಯಿತು.

ಪ್ರಶ್ನೆ: ಮಗ ಯಾರೋ ಕೊಟ್ಟ ನ್ಯಾಚುರಲ್ ಕಾಫಿ ಪುಡಿ ತಂದ. ಅತ್ತೆ ಅದನ್ನು ಫಿಲ್ಟರಿಗೆ ಹಾಕಿ ಹಾಲು ಬೆರೆಸಿ ಕುಡಿದು ‘ಇದು ಹುಳಿ ಬಂದಿದೆ, ಚೆಲ್ಲು’ ಅಂದರು. ಕೆಟ್ಟಿದೆಯಾ?
– ಓದುಗರು, ಕುಶಾಲನಗರ

ಉತ್ತರ: ಕೆಟ್ಟಿಲ್ಲ. ಅತ್ತೆಯೂ ತಪ್ಪು ಹೇಳಿಲ್ಲ. ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್‌ಗೆ ಹಾಲು ಹೊಂದಿಕೊಳ್ಳುವ ಹಾಗೆ ಇದಕ್ಕೆ ಹೊಂದಲ್ಲ, ಹಣ್ಣಿನ ಹುಳಿಗೆ ಹಾಲು ಸೇರಿದರೆ ಹಾಲೇ ಕೆಟ್ಟಿದೆಯೇನೋ ಅನ್ನಿಸುತ್ತೆ. ಚೆಲ್ಲಬೇಡಿ. ಒಂದು ಲೋಟಕ್ಕೆ, ಅಂದರೆ 240 ಮಿಲಿ ನೀರಿಗೆ, 15 ಗ್ರಾಂ ಪುಡಿ ಹಾಕಿ. ನೀರು ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಸುರಿಯಿರಿ, ನಾಲ್ಕು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಹಾಲು ಬೇಡ. ಸಿಹಿ ಬೇಕಿದ್ದರೆ ಚೂರು ಬೆಲ್ಲ, ನಮ್ಮ ಬೆಲ್ಲದ ಕಾಫಿಯ ಥರ. ತಕ್ಷಣ ಕುಡಿಯದೆ ಸ್ವಲ್ಪ ಆರಲು ಬಿಡಿ, ಹಣ್ಣಿನ ರುಚಿ ಗೊತ್ತಾಗೋದು ಬಿಸಿ ಇಳಿದ ಮೇಲೆ. ಅತ್ತೆಗೆ ಮಾತ್ರ ಅವರ ಹಳೇ ಪುಡಿಯನ್ನೇ ತಂದುಕೊಡಿ.