ವಿಂಡೋಸ್‌ನಲ್ಲಿ ಪೈಥಾನ್: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಂಡೋಸ್ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಮ್ಯಾನೇಜರ್ (ಆಜ್ಞೆ ಕೊಟ್ಟರೆ ತಂತ್ರಾಂಶವನ್ನು ತಾನೇ ತಂದು ಹಾಕುವ ಸಲಕರಣೆ) ಬಳಸಿ ಪೈಥಾನ್ ಭಾಷೆಯನ್ನು ಇನ್‌ಸ್ಟಾಲ್ ಮಾಡಿಕೊಳ್ಳುವ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉತ್ತರಗಳಲ್ಲಿ ಬರುವ ಆಜ್ಞೆಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಪ್ರಶ್ನೆ: ನಾನು ಬಿಸಿಎ ವಿದ್ಯಾರ್ಥಿನಿ. ಪೈಥಾನ್‌ನ ಅಧಿಕೃತ ಜಾಲತಾಣದಿಂದ ಫೈಲ್ ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿದೆ. ಆದರೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪೈಥಾನ್’ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಸ್ಟೋರ್‌ನಿಂದಲೂ ಒಮ್ಮೆ ಹಾಕಿಕೊಂಡೆ. ಈಗ ಪಿಪ್ (ಪೈಥಾನ್‌ಗೆ ಲೈಬ್ರರಿ ಎಂಬ ಸಿದ್ಧ ಕೋಡ್ ತರುವ ಸಲಕರಣೆ) ಮೂಲಕ ಹಾಕಿದ ಲೈಬ್ರರಿ ಪ್ರೋಗ್ರಾಂ ರನ್ ಮಾಡುವಾಗ ಸಿಗುತ್ತಿಲ್ಲ. ಎಲ್ಲವನ್ನೂ ತೆಗೆದು ಮೈಕ್ರೋಸಾಫ್ಟ್‌ನ ಪ್ಯಾಕೇಜ್ ಮ್ಯಾನೇಜರ್ ಆದ ವಿನ್‌ಗೆಟ್‌ನಿಂದ ಹಾಕಿಕೋ ಎಂದು ಗೆಳತಿ ಹೇಳುತ್ತಾಳೆ. ಅದರಿಂದ ಸರಿಹೋಗುತ್ತದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಸರಿಹೋಗುತ್ತದೆ, ಆದರೆ ನಿಮ್ಮ ಗೆಳತಿ ಹೇಳಿದ ಮಾತಿನ ಮೊದಲ ಅರ್ಧವೇ ಹೆಚ್ಚು ಮುಖ್ಯ. ಈಗ ನಿಮ್ಮ ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಪೈಥಾನ್‌ಗಳಿವೆ. ಅವುಗಳನ್ನು ಹಾಗೆಯೇ ಬಿಟ್ಟು ವಿನ್‌ಗೆಟ್‌ನಿಂದ ಮತ್ತೊಂದನ್ನು ಸೇರಿಸಿದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆಗಿರುವುದೇನೆಂದರೆ, ನೀವು ‘ಪೈಥಾನ್’ ಎಂದು ಟೈಪ್ ಮಾಡಿದಾಗ ವಿಂಡೋಸ್ ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಆ ಹೆಸರಿನ ಫೈಲು ಮೊದಲು ಎಲ್ಲಿ ಕಾಣುತ್ತದೋ ಅದನ್ನೇ ನಡೆಸುತ್ತದೆ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ‘ವಿಂಡೋಸ್‌ಆ್ಯಪ್ಸ್’ ಎಂಬ ಫೋಲ್ಡರಿನಲ್ಲಿ ಪೈಥಾನ್ ಹೆಸರಿನ ಒಂದು ಖಾಲಿ ಫೈಲನ್ನು ಮೊದಲೇ ಇಟ್ಟಿರುತ್ತಾರೆ. ಭಾಷೆ ಇನ್ನೂ ಇನ್‌ಸ್ಟಾಲ್ ಆಗಿರದಿದ್ದರೆ ಬಳಕೆದಾರರನ್ನು ಸ್ಟೋರ್‌ಗೆ ಕರೆದೊಯ್ಯುವುದು ಅದರ ಕೆಲಸ. ಜಾಲತಾಣದಿಂದ ಇಳಿಸಿಕೊಂಡ ಇನ್‌ಸ್ಟಾಲರಿನ ಮೊದಲ ಪರದೆಯಲ್ಲಿ ಪೈಥಾನ್ ಅನ್ನು ಪಾತ್‌ಗೆ ಸೇರಿಸಬೇಕೆ ಎಂದು ಕೇಳುವ ಚೌಕವೊಂದು ಇರುತ್ತದೆ. ಅದು ತಾನಾಗಿ ಟಿಕ್ ಆಗಿರುವುದಿಲ್ಲ. ಅದನ್ನು ಗಮನಿಸದೆ ಮುಂದುವರಿದವರಿಗೆಲ್ಲ ನಿಮಗಾದ ಅನುಭವವೇ ಆಗುತ್ತದೆ. ನಂತರ ಸ್ಟೋರ್‌ನಿಂದ ಇನ್ನೊಂದು ಪೈಥಾನ್ ಬಂದಿದೆ. ಪಿಪ್ ಒಂದರೊಳಗೆ ಲೈಬ್ರರಿಯನ್ನು ಇಟ್ಟರೆ, ನಿಮ್ಮ ಎಡಿಟರ್ ಮತ್ತೊಂದನ್ನು ನಡೆಸುತ್ತಿದೆ.

ಮೊದಲು ಪರಿಸ್ಥಿತಿಯನ್ನು ಕಣ್ಣಾರೆ ನೋಡಿಕೊಳ್ಳಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಪೈಥಾನ್’ ಎಂದು ಕೊಟ್ಟರೆ ಪಾತ್‌ನಲ್ಲಿ ಸಿಗುವ ಎಲ್ಲ ಪೈಥಾನ್‌ಗಳ ವಿಳಾಸವೂ ಅವು ಸಿಗುವ ಕ್ರಮದಲ್ಲಿಯೇ ಬರುತ್ತದೆ. ವಿಂಡೋಸ್‌ನ ಇನ್ನೊಂದು ಆಜ್ಞಾ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ವೇರ್’ ಎಂಬುದಕ್ಕೆ ಬೇರೆಯೇ ಕೆಲಸವಿರುವುದರಿಂದ ಅಲ್ಲಿ ‘ವೇರ್ ಡಾಟ್ ಇಎಕ್ಸ್ಇ’ ಎಂದು ಪೂರ್ತಿಯಾಗಿ ಬರೆಯಬೇಕು. ಹಾಗೆ ಬರೆಯದವರು ಉತ್ತರವೇ ಬಾರದ್ದನ್ನು ಕಂಡು ಪೈಥಾನ್ ಇಲ್ಲವೆಂದು ತಪ್ಪಾಗಿ ತಿಳಿಯುತ್ತಾರೆ.

ಬಳಿಕ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗಕ್ಕೆ ಹೋಗಿ ಪೈಥಾನ್ ಮತ್ತು ಪೈಥಾನ್ ಲಾಂಚರ್ ಹೆಸರಿನಲ್ಲಿರುವ ಎಲ್ಲವನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಕಾಲೇಜಿನ ಪ್ರಾಜೆಕ್ಟ್‌ಗೆ ಲೈಬ್ರರಿಗಳನ್ನು ಹಾಕಿಕೊಂಡಿದ್ದರೆ ಅದಕ್ಕೂ ಮುಂಚೆ ‘ಪಿಪ್ ಫ್ರೀಜ್’ ಕೊಟ್ಟು ಅವುಗಳ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಪಿಪ್‌ನಿಂದ ಬಂದ ಲೈಬ್ರರಿಗಳನ್ನು ಜಾಲತಾಣದ ಪೈಥಾನ್‌ನ ಅನ್‌ಇನ್‌ಸ್ಟಾಲರ್ ಅಳಿಸುವುದಿಲ್ಲ. ಹಳೆಯ ಪೈಥಾನ್ ಫೋಲ್ಡರು ಹಾಗೆಯೇ ಉಳಿದಿರುತ್ತದೆ, ಅದನ್ನು ನೀವೇ ತೆಗೆಯಬೇಕು. ಅದೇ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸಸ್’ ಎಂಬ ಪುಟವನ್ನು ಹುಡುಕಿ, ಪೈಥಾನ್ ಮತ್ತು ಪೈಥಾನ್3 ಎದುರಿನ ಎರಡು ಸ್ವಿಚ್‌ಗಳನ್ನು ಆಫ್ ಮಾಡಿದರೆ ಸ್ಟೋರ್ ತೆರೆದುಕೊಳ್ಳುವುದು ನಿಲ್ಲುತ್ತದೆ.

ಇನ್ನು ವಿನ್‌ಗೆಟ್. ವಿಂಡೋಸ್ 11ರಲ್ಲಿ ಮತ್ತು ವಿಂಡೋಸ್ 10ರ 1809ನೇ ಆವೃತ್ತಿಯಿಂದ ಈಚಿನವುಗಳಲ್ಲಿ ಅದು ‘ಆ್ಯಪ್ ಇನ್‌ಸ್ಟಾಲರ್’ ಜೊತೆಗೆ ಬರುತ್ತದೆ. ‘ವಿನ್‌ಗೆಟ್ ಸರ್ಚ್ ಪೈಥಾನ್.ಪೈಥಾನ್’ ಎಂದು ಕೊಟ್ಟು ಲಭ್ಯವಿರುವ ಆವೃತ್ತಿಗಳನ್ನು ನೋಡಿ, ‘ವಿನ್‌ಗೆಟ್ ಇನ್‌ಸ್ಟಾಲ್ ಪೈಥಾನ್.ಪೈಥಾನ್.3.13’ ಎಂಬಂತೆ ಪೂರ್ಣ ಗುರುತನ್ನೇ ಕೊಡಿ. ಬರೀ ‘ಪೈಥಾನ್’ ಎಂದು ಬರೆದರೆ ವಿನ್‌ಗೆಟ್‌ನ ಸ್ವಂತ ಭಂಡಾರ ಮತ್ತು ಸ್ಟೋರ್ ಎರಡರಲ್ಲೂ ಹುಡುಕಿ, ಹಲವು ಪ್ಯಾಕೇಜುಗಳು ಸಿಕ್ಕಿವೆ, ಗುರುತನ್ನು ಖಚಿತವಾಗಿ ಕೊಡಿ ಎಂದು ಹೇಳಿ ಅದು ನಿಂತುಬಿಡುತ್ತದೆ. ಗುರುತಿನ ಕೊನೆಗೆ ‘--ಎಕ್ಸಾಕ್ಟ್’ ಎಂಬ ಆಯ್ಕೆಯನ್ನು ಸೇರಿಸುವವರು ಎರಡೂ ‘ಪಿ’ಗಳನ್ನು ದೊಡ್ಡಕ್ಷರದಲ್ಲಿ ಬರೆಯಬೇಕು, ಏಕೆಂದರೆ ಆಗ ಅಕ್ಷರದ ಗಾತ್ರವೂ ಹೊಂದಿಕೆಯಾಗಬೇಕಾಗುತ್ತದೆ.

ಇನ್‌ಸ್ಟಾಲ್ ಮುಗಿದ ಮೇಲೆ ಆ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಿರಿ. ತೆರೆದಿರುವ ಕಿಟಕಿಯು ಪಾತ್ ಪಟ್ಟಿಯನ್ನು ಶುರುವಿನಲ್ಲಿ ಓದಿಕೊಂಡಿರುತ್ತದೆ, ಆಮೇಲಿನ ಬದಲಾವಣೆ ಅದಕ್ಕೆ ತಿಳಿಯುವುದಿಲ್ಲ. ಎಡಿಟರಿನೊಳಗಿನ ಟರ್ಮಿನಲ್ ಬಳಸುವವರು ಎಡಿಟರನ್ನೇ ಮುಚ್ಚಿ ತೆರೆಯಬೇಕು.

ಪ್ರಶ್ನೆ: ವಿನ್‌ಗೆಟ್ ಎಲ್ಲಿಂದ ಪೈಥಾನ್ ತರುತ್ತದೆ? ಯಾರೋ ತಯಾರಿಸಿದ ಪ್ಯಾಕೇಜನ್ನು ನಂಬಿ ಹಾಕಿಕೊಳ್ಳುವುದಕ್ಕಿಂತ ಅಧಿಕೃತ ಜಾಲತಾಣವೇ ಸುರಕ್ಷಿತವಲ್ಲವೇ?
— ಓದುಗರು, ಉಡುಪಿ

ಉತ್ತರ: ಕೇಳಲೇಬೇಕಾದ ಪ್ರಶ್ನೆ. ವಿನ್‌ಗೆಟ್‌ನ ಭಂಡಾರದಲ್ಲಿ ಇರುವುದು ತಂತ್ರಾಂಶವಲ್ಲ, ತಂತ್ರಾಂಶದ ವಿವರ. ಪ್ರತಿಯೊಂದು ಪ್ಯಾಕೇಜಿಗೂ ಪ್ರಕಾಶಕರು ಯಾರು, ಇನ್‌ಸ್ಟಾಲರ್ ಯಾವ ವಿಳಾಸದಲ್ಲಿದೆ, ಆ ಫೈಲಿನ ಎಸ್ಎಚ್ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಏನು ಎಂಬುದನ್ನು ಬರೆದಿಟ್ಟ ಕಡತಗಳು ಗಿಟ್‌ಹಬ್ ಜಾಲತಾಣದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ. ಪೈಥಾನ್ ವಿಷಯದಲ್ಲಿ ಆ ವಿಳಾಸ ಪೈಥಾನ್‌ನ ಅಧಿಕೃತ ಜಾಲತಾಣದ್ದೇ. ಇಳಿದ ಫೈಲಿನ ಹ್ಯಾಶ್ ಬರೆದಿಟ್ಟದ್ದಕ್ಕೆ ತಾಳೆಯಾಗದಿದ್ದರೆ ವಿನ್‌ಗೆಟ್ ಅಲ್ಲಿಗೇ ನಿಲ್ಲಿಸುತ್ತದೆ. ಬ್ರೌಸರಿನಿಂದ ಇಳಿಸಿಕೊಳ್ಳುವ ನಮ್ಮಲ್ಲಿ ಹೆಚ್ಚಿನವರು ಈ ತಾಳೆಯನ್ನು ನೋಡುವುದೇ ಇಲ್ಲ. ಹುಡುಕಾಟದಲ್ಲಿ ಮೇಲೆ ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತಿ ನಕಲಿ ಪುಟಕ್ಕೆ ಹೋಗುವ ಅಪಾಯವೂ ಇಲ್ಲಿ ಇರುವುದಿಲ್ಲ. ಡೆಬಿಯನ್ ಲಿನಕ್ಸ್ ಬಳಸುವವರಿಗೆ ಆಪ್ಟ್ ಎಂಬ ಪ್ಯಾಕೇಜ್ ಮ್ಯಾನೇಜರ್ ಮೂಲಕ 1990ರ ದಶಕದ ಕೊನೆಯಿಂದಲೇ ಇಂಥ ಸೌಲಭ್ಯವಿತ್ತು. ಮೈಕ್ರೋಸಾಫ್ಟ್ ತನ್ನದನ್ನು ಪ್ರಕಟಿಸಿದ್ದು 2020ರಲ್ಲಿ, ಅದರ 1.0 ಆವೃತ್ತಿ ಬಂದದ್ದು 2021ರ ಮೇ ತಿಂಗಳಿನಲ್ಲಿ.

ಹಾಗೆಂದು ಭಂಡಾರದಲ್ಲಿರುವ ಎಲ್ಲವನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ವಿವರಗಳನ್ನು ಸಾರ್ವಜನಿಕರೂ ಸಲ್ಲಿಸಬಹುದಾದ್ದರಿಂದ, ಪರಿಚಯವಿಲ್ಲದ ತಂತ್ರಾಂಶವಾದರೆ ‘ವಿನ್‌ಗೆಟ್ ಶೋ’ ಎಂದು ಕೊಟ್ಟು ಪ್ರಕಾಶಕರ ಹೆಸರನ್ನೂ ಇನ್‌ಸ್ಟಾಲರಿನ ವಿಳಾಸವನ್ನೂ ಓದಿದ ಮೇಲೆಯೇ ಮುಂದುವರಿಯಿರಿ.

ಪ್ರಶ್ನೆ: ಪಿಪ್ ಕೂಡ ಪ್ಯಾಕೇಜ್ ಮ್ಯಾನೇಜರ್ ತಾನೆ? ಅದಿರುವಾಗ ಇನ್ನೊಂದು ಏಕೆ?
— ಓದುಗರು, ದಾವಣಗೆರೆ

ಉತ್ತರ: ಪಿಪ್ ಪೈಥಾನ್‌ನ ಒಳಗಿರುವುದು, ಪೈಥಾನ್ ಬಂದ ಮೇಲೆ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಅದು ತರುತ್ತದೆ. ಪೈಥಾನ್ ಅನ್ನೇ ತರುವುದು ವಿನ್‌ಗೆಟ್‌ನ ಕೆಲಸ. ಯಾವ ಪೈಥಾನ್‌ಗೆ ಲೈಬ್ರರಿ ಸೇರಬೇಕೆಂಬ ಅನುಮಾನ ಉಳಿಯದಂತೆ, ಬರೀ ‘ಪಿಪ್’ ಎನ್ನುವ ಬದಲು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ನನಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲ. ಚಾಕೊಲೇಟಿ, ಸ್ಕೂಪ್, ವಿನ್‌ಗೆಟ್ ಈ ಮೂರು ಪ್ಯಾಕೇಜ್ ಮ್ಯಾನೇಜರ್‌ಗಳಲ್ಲಿ ಯಾವುದು ನನಗೆ ತಕ್ಕದ್ದು?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಸ್ಥಿತಿಗೆ ಚಾಕೊಲೇಟಿ ಹೊಂದುವುದಿಲ್ಲ. 2011ರಿಂದ ಇರುವ ಅದು ಮೂರರಲ್ಲಿ ಹಿರಿಯದು, ಅದರ ಭಂಡಾರವೂ ದೊಡ್ಡದು. ಆದರೆ ಸಾಮಾನ್ಯ ಬಳಕೆಯಲ್ಲಿ ಅದು ಇಡೀ ಯಂತ್ರಕ್ಕೆ ತಂತ್ರಾಂಶ ಹಾಕುವಂಥದ್ದು, ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನು ಬಯಸುತ್ತದೆ. ಸ್ಕೂಪ್ ಇದಕ್ಕೆ ತದ್ವಿರುದ್ಧ: ಎಲ್ಲವನ್ನೂ ನಿಮ್ಮ ಬಳಕೆದಾರ ಫೋಲ್ಡರಿನೊಳಗಿನ ‘ಸ್ಕೂಪ್’ ಎಂಬ ಒಂದೇ ಜಾಗದಲ್ಲಿ ಇಡುತ್ತದೆ, ಅಡ್ಮಿನಿಸ್ಟ್ರೇಟರ್ ಕಿಟಕಿಯಿಂದ ಅದನ್ನು ಹಾಕಲು ಹೋದರೆ ಬೇಡವೆನ್ನುತ್ತದೆ. ಸ್ಕೂಪ್‌ನಿಂದ ಬಂದ ಪೈಥಾನ್ ವಿಂಡೋಸ್‌ನ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ತನ್ನ ಹೆಸರು ಬರೆಸಿಕೊಂಡಿರುವುದಿಲ್ಲವಾದ್ದರಿಂದ, ಇರುವ ಪೈಥಾನ್‌ಗಳಲ್ಲಿ ಒಂದನ್ನು ಆರಿಸಿ ನಡೆಸುವ ‘ಪಿವೈ’ ಲಾಂಚರಿಗೂ ಇತರ ಕೆಲವು ತಂತ್ರಾಂಶಗಳಿಗೂ ಅದು ಕಾಣಿಸದೆ ಹೋಗಬಹುದು. ಇನ್‌ಸ್ಟಾಲ್ ಮುಗಿದಾಗ ಸ್ಕೂಪ್ ತೋರಿಸುವ ಟಿಪ್ಪಣಿಯಲ್ಲಿ ಇದಕ್ಕೆ ನಡೆಸಬೇಕಾದ ಫೈಲಿನ ಹೆಸರಿರುತ್ತದೆ. ಅದನ್ನು ಓದದೆ ಕಿಟಕಿ ಮುಚ್ಚಬೇಡಿ.

ವಿನ್‌ಗೆಟ್ ನಡುವಿನ ದಾರಿ ಹಿಡಿದಿದೆ. ಆಜ್ಞೆಯ ಕೊನೆಗೆ ‘--ಸ್ಕೋಪ್ ಯೂಸರ್’ ಎಂಬ ಆಯ್ಕೆ ಕೊಟ್ಟರೆ ಪೈಥಾನ್ ನಿಮ್ಮ ಖಾತೆಗಷ್ಟೇ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ವಿನ್‌ಗೆಟ್ ಈಗಾಗಲೇ ಇದ್ದು, ಸಂಸ್ಥೆ ಅದನ್ನು ನಿರ್ಬಂಧಿಸಿಲ್ಲವಾದರೆ ಅದನ್ನೇ ಬಳಸಿ ಎನ್ನುತ್ತೇನೆ; ಒಂದೇ ಭಾಷೆಗಾಗಿ ಇನ್ನೊಂದು ಸಲಕರಣೆಯನ್ನು ತಂದು ಸಾಕುವ ಅಗತ್ಯವಿಲ್ಲ. ಅನೇಕ ಭಾಷೆಗಳನ್ನು, ಸಣ್ಣ ಸಣ್ಣ ಕಮಾಂಡ್‌ಲೈನ್ ಸಲಕರಣೆಗಳನ್ನು ಬಳಸುವವರಾದರೆ ಸ್ಕೂಪ್ ನಿಮಗೆ ಹೆಚ್ಚು ಇಷ್ಟವಾಗಬಹುದು. ಯಾವುದೇ ಆದರೂ ಯಂತ್ರ ಕಚೇರಿಯದು, ಐಟಿ ವಿಭಾಗಕ್ಕೆ ಒಂದು ಮಾತು ತಿಳಿಸಿಯೇ ಶುರುಮಾಡಿ.

ಪ್ರಶ್ನೆ: ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿದ್ದೇನೆ. ಲ್ಯಾಬ್‌ನ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆವೃತ್ತಿಯ ಪೈಥಾನ್ ಬೇಕು. ಇಂಟರ್ನೆಟ್ ಬಹಳ ನಿಧಾನ. ಕೆಲವು ಯಂತ್ರಗಳಲ್ಲಿ ಇನ್ನೂ ವಿಂಡೋಸ್ 7 ಇದೆ. ದಾರಿ ತೋರಿಸಿ.
— ಓದುಗರು, ಕಲಬುರಗಿ

ಉತ್ತರ: ವಿಂಡೋಸ್ 7 ಯಂತ್ರಗಳ ವಿಷಯವನ್ನು ಮೊದಲು ಮುಗಿಸೋಣ. ಅವುಗಳಲ್ಲಿ ವಿನ್‌ಗೆಟ್ ನಡೆಯುವುದಿಲ್ಲ. ಆ ವಿಂಡೋಸ್‌ಗೆ ಹೊಂದುವ ಕೊನೆಯ ಪೈಥಾನ್ 3.8, ಅದಕ್ಕೂ 2024ರಲ್ಲಿ ಭದ್ರತಾ ತಿದ್ದುಪಡಿಗಳು ನಿಂತಿವೆ. ಪಾಠಕ್ಕೆ 3.13 ಬೇಕೆಂದಾದರೆ ವಿಂಡೋಸ್ 10 ಅಥವಾ 11 ಇರಲೇಬೇಕು. ಎರಡು ಬಗೆಯ ಆವೃತ್ತಿಗಳಲ್ಲಿ ಪಾಠ ಮಾಡಿದರೆ ಹಳೆಯ ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಗಳು ತಾವು ಮಾಡದ ತಪ್ಪಿಗೆ ದೋಷಸಂದೇಶ ನೋಡಬೇಕಾಗುತ್ತದೆ. ಉದಾಹರಣೆಗೆ 3.10ರಲ್ಲಿ ಬಂದ ‘ಮ್ಯಾಚ್’ ವಾಕ್ಯ 3.8ರಲ್ಲಿ ನಡೆಯುವುದೇ ಇಲ್ಲ. ಆದ್ದರಿಂದ ಆ ಯಂತ್ರಗಳನ್ನು ಈ ಪಾಠದಿಂದ ಹೊರಗಿಟ್ಟು, ಉಳಿದವುಗಳಲ್ಲಿ ಸರದಿಯಂತೆ ಕೂರಿಸುವುದು ಮಕ್ಕಳಿಗೆ ನ್ಯಾಯ ಒದಗಿಸಿದಂತೆ.

ಉಳಿದ ಯಂತ್ರಗಳಿಗೆ ಇಂಟರ್ನೆಟ್ಟಿನಿಂದ ಒಮ್ಮೆ ಮಾತ್ರ ಇಳಿಸಿಕೊಂಡರೆ ಸಾಕು. ನಿಮ್ಮ ಒಂದು ಕಂಪ್ಯೂಟರಿನಲ್ಲಿ ‘ವಿನ್‌ಗೆಟ್ ಡೌನ್‌ಲೋಡ್’ ಎಂದು ಬರೆದು ಮುಂದೆ ಪೈಥಾನ್‌ನ ಪೂರ್ಣ ಗುರುತು ಕೊಟ್ಟರೆ, ಅದು ಏನನ್ನೂ ಇನ್‌ಸ್ಟಾಲ್ ಮಾಡದೆ ಇನ್‌ಸ್ಟಾಲರನ್ನು ಮತ್ತು ಅದರ ವಿವರದ ಕಡತವನ್ನು ಮಾತ್ರ ಉಳಿಸಿಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಅಥವಾ ಲ್ಯಾಬ್‌ನ ಹಂಚಿಕೆಯ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಪೆನ್‌ಡ್ರೈವ್ ಹಲವು ಕೈಗಳನ್ನು ದಾಟಿ ಬಂದಿದ್ದರೆ ‘ವಿನ್‌ಗೆಟ್ ಹ್ಯಾಶ್’ ಆಜ್ಞೆಯಿಂದ ಫೈಲಿನ ಹ್ಯಾಶ್ ಪಡೆದು ವಿವರದ ಕಡತದಲ್ಲಿರುವುದರೊಂದಿಗೆ ಹೋಲಿಸಿ ನೋಡಿ.

ಪ್ರತಿ ಯಂತ್ರದಲ್ಲಿಯೂ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇನ್‌ಸ್ಟಾಲರಿನ ಹೆಸರಿನ ನಂತರ ಮೂರು ಸೂಚನೆಗಳನ್ನು ಕೊಡಬೇಕು: ಪ್ರಶ್ನೆ ಕೇಳದೆ ಮುಗಿಸಲು ‘/ಕ್ವೈಯಟ್’, ಯಂತ್ರದ ಎಲ್ಲ ಬಳಕೆದಾರರಿಗೂ ಸಿಗುವಂತೆ ‘ಇನ್‌ಸ್ಟಾಲ್‌ಆಲ್‌ಯೂಸರ್ಸ್=1’, ಪಾತ್‌ಗೆ ಸೇರಿಸಲು ‘ಪ್ರಿಪೆಂಡ್‌ಪಾತ್=1’. ಎರಡನೆಯದನ್ನು ಮರೆತರೆ ಪೈಥಾನ್ ನಿಮ್ಮ ಖಾತೆಯೊಳಗೆ ಕುಳಿತುಬಿಡುತ್ತದೆ, ವಿದ್ಯಾರ್ಥಿಗಳ ಖಾತೆಯಲ್ಲಿ ಕಾಣುವುದಿಲ್ಲ. ಈ ಸಾಲನ್ನು ಒಂದು ಬ್ಯಾಚ್ ಫೈಲಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವರ್ಷ ನಿಮ್ಮ ಜಾಗಕ್ಕೆ ಬರುವವರಿಗೂ ನೆರವಾಗುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿ ನನ್ನ ಖಾತೆಯ ಹೆಸರನ್ನು ಕನ್ನಡದಲ್ಲಿಯೇ ಇಟ್ಟಿದ್ದೇನೆ. ಇದರಿಂದ ತೊಂದರೆಯುಂಟೇ?
— ಓದುಗರು, ಧಾರವಾಡ

ಉತ್ತರ: ಪೈಥಾನ್‌ಗೆ ತೊಂದರೆಯಿಲ್ಲ, ಅದು ಯೂನಿಕೋಡ್ ಹೆಸರುಗಳನ್ನು ನಿಭಾಯಿಸುತ್ತದೆ. ಅದರ ಸುತ್ತಲಿನ ಕೆಲವು ಹಳೆಯ ಸಲಕರಣೆಗಳು ಕನ್ನಡ ಅಕ್ಷರವಿರುವ ಫೋಲ್ಡರಿನ ವಿಳಾಸವನ್ನು ಓದಲಾರದೆ ನಿಲ್ಲುವುದುಂಟು. ಖಾತೆಯ ಹೆಸರನ್ನು ಈಗ ಬದಲಿಸಿದರೂ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ನಿಮ್ಮ ಹೆಸರನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ: ‘--ಸ್ಕೋಪ್ ಮೆಷೀನ್’ ಆಯ್ಕೆಯೊಂದಿಗೆ ಹಾಕಿದರೆ ಪೈಥಾನ್ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹೋಗುತ್ತದೆ. ಪ್ರಾಜೆಕ್ಟ್‌ಗಳನ್ನು ಸಿ ಡ್ರೈವ್‌ನಲ್ಲಿ ಇಂಗ್ಲಿಷ್ ಹೆಸರಿನ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ‘ವಿನ್‌ಗೆಟ್ ಅಪ್‌ಗ್ರೇಡ್ --ಆಲ್’ ಕೊಟ್ಟರೆ ಪೈಥಾನ್ 3.12 ಹೋಗಿ 3.13 ಬಂದು, ನಡೆಯುತ್ತಿರುವ ಪ್ರಾಜೆಕ್ಟ್ ಕೆಡುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಇಲ್ಲ. ವಿನ್‌ಗೆಟ್‌ನಲ್ಲಿ 3.12 ಮತ್ತು 3.13 ಎರಡು ಬೇರೆ ಬೇರೆ ಪ್ಯಾಕೇಜುಗಳು. ಅಪ್‌ಗ್ರೇಡ್ ಮಾಡಿದಾಗ 3.12ರೊಳಗಿನ ಸಣ್ಣ ತಿದ್ದುಪಡಿಗಳಷ್ಟೇ ಬರುತ್ತವೆ, ಅವು ಬರುವುದೂ ಒಳ್ಳೆಯದು. 3.13 ಬೇಕಾದಾಗ ನೀವೇ ಕೇಳಿ ಹಾಕಿಕೊಳ್ಳಬೇಕು. ಅದು ಬೇರೆ ಫೋಲ್ಡರಿನಲ್ಲಿ ಕೂರುತ್ತದೆ, ಲೈಬ್ರರಿಗಳನ್ನು ಅದಕ್ಕೆ ಪ್ರತ್ಯೇಕವಾಗಿ ತರಿಸಬೇಕಾಗುತ್ತದೆ. ಯಾವ ತಿದ್ದುಪಡಿಯೂ ಬೇಡವೆನ್ನುವ ಪರೀಕ್ಷೆಯ ದಿನಗಳಲ್ಲಿ ‘ವಿನ್‌ಗೆಟ್ ಪಿನ್ ಆ್ಯಡ್’ ಎಂದು ಕೊಟ್ಟು ಪೈಥಾನ್ ಅನ್ನು ಸಾಮೂಹಿಕ ಅಪ್‌ಗ್ರೇಡ್‌ನಿಂದ ಹೊರಗಿಡಬಹುದು. ಪ್ರತಿ ಪ್ರಾಜೆಕ್ಟ್‌ಗೂ ‘ವೆನ್ವ್’ ಬಳಸಿ ಪ್ರತ್ಯೇಕ ಪರಿಸರ ಮಾಡಿಕೊಂಡಿದ್ದರೆ, ಆ ಪರಿಸರ ಯಾವ ಪೈಥಾನ್‌ನಿಂದ ಹುಟ್ಟಿತೋ ಅದನ್ನು ಅಳಿಸದಿರುವವರೆಗೂ ಅದು ನಡೆಯುತ್ತಿರುತ್ತದೆ.

ಮುಂದಿನ ದಿನಗಳಿಗಾಗಿ ಒಂದು ಸಂಗತಿ ತಿಳಿದಿರಲಿ. ಪೈಥಾನ್ ತಂಡವೇ ವಿಂಡೋಸ್‌ಗಾಗಿ ‘ಪೈಥಾನ್ ಇನ್‌ಸ್ಟಾಲ್ ಮ್ಯಾನೇಜರ್’ ಎಂಬ ಹೊಸ ಸಲಕರಣೆಯನ್ನು ಹೊರತಂದಿದೆ. 3.16ರಿಂದ ಹಳೆಯ ಬಗೆಯ ಇನ್‌ಸ್ಟಾಲರ್ ಬರುವುದಿಲ್ಲವೆಂದೂ ತಿಳಿಸಿದೆ. ಹೊಸದರಲ್ಲಿ ‘ಪಿವೈ ಇನ್‌ಸ್ಟಾಲ್ 3.14’ ಎಂದರೆ ಆ ಆವೃತ್ತಿ ಬರುತ್ತದೆ, ‘ಪಿವೈ ಲಿಸ್ಟ್’ ಎಂದರೆ ಇರುವ ಆವೃತ್ತಿಗಳ ಪಟ್ಟಿ ಕಾಣುತ್ತದೆ. ಅದಕ್ಕೆ ಬದಲಾಗುವಾಗ ಹಳೆಯ ಪೈಥಾನ್ ಲಾಂಚರನ್ನು ಮೊದಲು ತೆಗೆಯಿರಿ. ಎರಡೂ ‘ಪಿವೈ’ ಎಂಬ ಒಂದೇ ಹೆಸರಿಗೆ ಓಗೊಡುವುದರಿಂದ ಹಳೆಯದೇ ಮುಂದೆ ಬಂದು ಹೊಸ ಆಜ್ಞೆ ಅರ್ಥವಾಗಲಿಲ್ಲವೆನ್ನುತ್ತದೆ.