ಕಾಲಿನ್ ವೆಲ್ಯಾಂಡ್ ಯಾರು, ನಟನಾ ಬರಹಗಾರನಾ?

ಎರಡೂ ಹೌದು, ಅದಕ್ಕೂ ಮೊದಲು ಡ್ರಾಯಿಂಗ್ ಮೇಷ್ಟ್ರು. 1934ರಲ್ಲಿ ಹುಟ್ಟಿದ್ದು, ಇಂಗ್ಲೆಂಡಿನ ಲ್ಯಾಂಕಷೈರ್ ಕಡೆ ಲೀ ಊರಲ್ಲಿ ಮಕ್ಕಳಿಗೆ ಪಾಠ ಮಾಡ್ತಿದ್ರು, ಆಮೇಲೆ 1962ರಲ್ಲಿ ಬಿಬಿಸಿಯ ಝಡ್ ಕಾರ್ಸ್ ಅನ್ನೋ ಪೊಲೀಸ್ ಸೀರಿಯಲ್‌ನಲ್ಲಿ ಕಾನ್‌ಸ್ಟೇಬಲ್ ಗ್ರಹಾಂ ಆಗಿ ಮನೆಮನೆಗೆ ಗೊತ್ತಾದ್ರು. 1969ರ ಕೆಸ್ ಸಿನಿಮಾದಲ್ಲಿ ಒಬ್ಬ ಬಡ ಹುಡುಗನ ಮಾತನ್ನ ತಾಳ್ಮೆಯಿಂದ ಕೇಳಿಸ್ಕೊಳ್ಳೋ ಮೇಷ್ಟ್ರ ಪಾತ್ರ ಮಾಡಿ ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ತಗೊಂಡ್ರು, ನಿಜವಾದ ಮೇಷ್ಟ್ರಾಗಿದ್ದೋರು ಅಲ್ವಾ, ಅದು ಕಾಣುತ್ತೆ.

ಆದ್ರೆ ನನಗೆ ಅವರು ಮುಖ್ಯ ಅನ್ಸೋದು ಬರವಣಿಗೆಗೆ. ಟಿವಿಗೆ ಅಂತಲೇ ನಾಟಕ ಬರೀತಿದ್ರು, ದುಡಿಯೋ ಜನರ ಬದುಕು, ಅವರದೇ ಮಾತು. 1974ರ ಲೀಡ್ಸ್ ಯುನೈಟೆಡ್ ಅನ್ನೋ ಟಿವಿ ನಾಟಕ ಅದೇ ಹೆಸರಿನ ಫುಟ್‌ಬಾಲ್ ಕ್ಲಬ್ ಬಗ್ಗೆ ಅಲ್ಲ, ಲೀಡ್ಸ್‌ನ ಗಾರ್ಮೆಂಟ್ ಹೆಣ್ಣುಮಕ್ಕಳು ಸಂಬಳಕ್ಕಾಗಿ 1970ರಲ್ಲಿ ಮಾಡಿದ ಸ್ಟ್ರೈಕ್ ಕಥೆ.

ಆಮೇಲೆ ಚಾರಿಯಟ್ಸ್ ಆಫ್ ಫೈರ್ ಸಿನಿಮಾ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಓಡಿದ ಬ್ರಿಟಿಷ್ ಓಟಗಾರರಾದ ಲಿಡೆಲ್ ಮತ್ತೆ ಏಬ್ರಹಾಮ್ಸ್ ಕಥೆ ಅದು, ಬರೆಯೋಕ್ ಮುಂಚೆ ಪೇಪರ್‌ನಲ್ಲಿ ಜಾಹೀರಾತು ಕೊಟ್ಟು ಆ ಕೂಟದ ನೆನಪು ಇರೋರು ತಿಳಿಸಿ ಅಂತ ಕೇಳಿದ್ರಂತೆ, ಅಷ್ಟು ಶ್ರದ್ಧೆ. 1982ರಲ್ಲಿ ಅದಕ್ಕೆ ಚಿತ್ರಕಥೆಯ ಆಸ್ಕರ್ ಬಂತು, ವೇದಿಕೆ ಮೇಲೆ ಬ್ರಿಟಿಷರು ಬರ್ತಿದಾರೆ ಅಂತ ಕೂಗಿದ್ದು ಇವರೇ. 1989ರ ಎ ಡ್ರೈ ವೈಟ್ ಸೀಸನ್ ಚಿತ್ರಕಥೆನೂ ನಿರ್ದೇಶಕಿ ಯೂಝಾನ್ ಪಾಲ್ಸಿ ಜೊತೆ ಬರೆದ್ರು, ದಕ್ಷಿಣ ಆಫ್ರಿಕಾದ ವರ್ಣಭೇದದ ಬಗ್ಗೆ, ಅದನ್ನೂ ತಪ್ಪದೇ ನೋಡಿ. ಕೊನೆಗೆ ಅಲ್ಝೈಮರ್ಸ್ ಅನ್ನೋ ಮರೆವಿನ ಕಾಯಿಲೆ ಬಂದಿತ್ತು, 2015ರ ನವೆಂಬರ್‌ನಲ್ಲಿ 81ನೇ ವಯಸ್ಸಿಗೆ ತೀರ್ಕೊಂಡ್ರು.