ಒಂಬತ್ತು ಮಕ್ಕಳಿಗೊಂದು ಶಾಲೆ

ಪತ್ರ: ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂಬತ್ತೇ ಮಕ್ಕಳು, ಇಬ್ಬರು ಮೇಷ್ಟ್ರು. ದುಡ್ಡು ದಂಡ ಅಲ್ವಾ? ಇಂಥವನ್ನು ಮುಚ್ಚಿ, ಮಕ್ಕಳನ್ನು ವ್ಯಾನಿನಲ್ಲಿ ಹೋಬಳಿಯ ದೊಡ್ಡ ಶಾಲೆಗೆ ಕಳಿಸಬಾರದೇಕೆ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊರ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿ ನೋಡುವವರೇ ಕಡಿಮೆ. ನೀವು ನೋಡಿದ್ದೀರಿ, ಸಂತೋಷ. ಒಂದೇ ಕೋಣೆಯಲ್ಲಿ ಐದು ತರಗತಿ ಕೂರಿಸಿದರೆ ಪಾಠ ಸೊರಗುತ್ತದೆ, ಅದೂ ನಿಜ. ಆದರೆ ಮುಚ್ಚಿ ಅಂದಿರಲ್ಲ, ಅಲ್ಲಿ ಸಂಕಟವಾಯಿತು.

ನಮ್ಮ ಕಡೆ ಊರು ಅಂದರೆ ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು, ನಡುವೆ ಹಳ್ಳ. ನಾನೂ ಅಕ್ಕನೂ ಸಂಕ ದಾಟಿ ಶಾಲೆಗೆ ಹೋಗುತ್ತಿದ್ದೆವು. ಎರಡು ಅಡಿಕೆ ದಬ್ಬೆ, ಹಿಡಿಯಲು ಒಂದು ಹಗ್ಗ, ಅಷ್ಟೇ ಸಂಕ. ಅಕ್ಕ ಮೊದಲು ದಾಟಿ ಚೀಲಗಳನ್ನು ಆಚೆ ಇಡುತ್ತಿದ್ದಳು. ಮತ್ತೆ ಈಚೆ ಬಂದು ನನ್ನ ಕೈ ಹಿಡಿಯುತ್ತಿದ್ದಳು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕೀಳುತ್ತಿದ್ದದ್ದು ಶಾಲೆ ಜಗುಲಿಯಲ್ಲಿ. ಅವಳ ನಾಲ್ಕನೇ ಕ್ಲಾಸು ಮುಗಿಯಿತು. ಮುಂದಿನ ಶಾಲೆ ಇನ್ನೂ ಎರಡು ಹಳ್ಳದಾಚೆ. ಅವಳನ್ನು ಮನೆಯಲ್ಲೇ ನಿಲ್ಲಿಸಿಕೊಂಡರು. ಎರಡು ವರ್ಷದ ಮೇಲೆ ನನ್ನ ಸರದಿ ಬಂದಾಗ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಬಿಟ್ಟರು. ಲೆಕ್ಕದಲ್ಲಿ ನನಗಿಂತ ಅವಳೇ ಚುರುಕು.

ಇಬ್ಬರು ಮೇಷ್ಟ್ರು ಜಾಸ್ತಿ ಅಂತೀರಿ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೇ ಪ್ರಾಥಮಿಕ ಶಾಲೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಬೇಕು ಅನ್ನುತ್ತದೆ. ಸುಮ್ನೆ ಯಾರೋ ಉಪಕಾರಕ್ಕೆ ಕೊಟ್ಟದ್ದಲ್ಲ. ನೀವು ಸಿಟ್ಟಾಗಬೇಕಾದ್ದು ಬೇರೆ ಕಡೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ವಾರ್ಷಿಕ ಅನುದಾನ ನಿಂತಿರುವುದು ಮಕ್ಕಳ ಸಂಖ್ಯೆಯ ಮೇಲೆ. ಮಕ್ಕಳು ಕಡಿಮೆ, ದುಡ್ಡೂ ಕಡಿಮೆ. ಆಗುಂಬೆಯ ಮಳೆ ತಲೆ ಎಣಿಸಿಕೊಂಡು ಸುರಿಯುತ್ತದೆಯೇ? ಒಂಬತ್ತು ಮಕ್ಕಳಿದ್ದರೂ ಹೆಂಚು ಒಡೆಯುತ್ತದೆ, ಗೋಡೆ ಪಾಚಿ ಕಟ್ಟುತ್ತದೆ. ಮಳೆಯನ್ನೂ ದಾರಿಯನ್ನೂ ಲೆಕ್ಕಕ್ಕೆ ಹಿಡಿದು ಮಲೆನಾಡಿಗೆ ದುಡ್ಡು ಕೊಡಬೇಕು. ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕಿರಲಿ ಅಂದದ್ದು 1966ರಲ್ಲಿ. ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ವ್ಯಾನು ಡಾಂಬರು ಇರುವಲ್ಲಿಗೆ ಬರುತ್ತದೆ. ಮನೆಯಿಂದ ಡಾಂಬರಿನವರೆಗೆ ಆರು ವರ್ಷದ ಮಗುವನ್ನು ದಿನಾ ಕರೆದೊಯ್ಯುವವರು ಯಾರು? ಅಡಿಕೆ ಕೊನೆ ಕೊಯ್ಲಿನ ಕೂಲಿ ಬಿಟ್ಟು ಅಪ್ಪ ಅಮ್ಮ ಬರುತ್ತಾರೆಯೇ?

ನಮ್ಮ ಶಿವಮೊಗ್ಗ ಜಿಲ್ಲೆಗೆ ಕಾಯುವುದು ಹೊಸದಲ್ಲ. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ನಾಡಿಗೆಲ್ಲ ಕರೆಂಟ್ ಹೋಯಿತು. ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಎಷ್ಟು ಮಕ್ಕಳು ಪುಸ್ತಕದ ಚೀಲ ಹೊತ್ತು ಲಾಂಚ್ ಕಾದಿರಬೇಕು! ಅಷ್ಟು ಕೊಟ್ಟ ನೆಲದಿಂದ ಈಗ ಒಂದು ಸಣ್ಣ ಶಾಲೆಯನ್ನೂ ಕಿತ್ತುಕೊಳ್ಳುವುದೇ?

ಒಂದು ಕೆಲಸ ಮಾಡಿ. ಆ ಒಂಬತ್ತು ಮಕ್ಕಳಲ್ಲಿ ಹಳ್ಳದಾಚೆಯಿಂದ ಬರುವವರೆಷ್ಟು, ಅವರಲ್ಲಿ ಹೆಣ್ಣುಮಕ್ಕಳೆಷ್ಟು ಅಂತ ಮೇಷ್ಟ್ರನ್ನು ಕೇಳಿ. ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಹಾಕುತ್ತೇವೆ.